ದಾಳಿಂಬೆ ಬುಡದಲ್ಲಿ ಸಣ್ಣ ತೂತು: ದುಂಬಿ ಈ ಗಿಡಕ್ಕೇ ಯಾಕೆ ಬಂತು?

ಬುಡದಿಂದ ಎರಡು ಮೂರು ಅಡಿ ಎತ್ತರದವರೆಗೆ ಕಾಂಡದ ತುಂಬ ಸಣ್ಣ ಸಣ್ಣ ತೂತು. ತೂತಿನ ಬಾಯಲ್ಲಿ ಬೆಳ್ಳನೆಯ ಪುಡಿ. ಒಂದೆರಡು ಗಿಡದಲ್ಲಿ ಒಂದು ಕವಲಿನ ಎಲೆ ಮಾತ್ರ ಹಳದಿ ತಿರುಗಿದೆ, ಪಕ್ಕದ ಸಾಲು ಹಚ್ಚಗೆ ನಿಂತಿದೆ. ಶಿರಾ, ಪಾವಗಡ, ಮಧುಗಿರಿ ಕಡೆಯ ದಾಳಿಂಬೆ ತೋಟಗಳಲ್ಲಿ, ಹಾಗೆಯೇ ಗೌರಿಬಿದನೂರು, ಬಾಗೇಪಲ್ಲಿ ಸುತ್ತಲೂ ಕೇಳಿಬರುವ ದೂರು ಇದು. ದೂರಿನ ಬೆನ್ನಿಗೇ ಬರುವ ಪ್ರಶ್ನೆಯೂ ಒಂದೇ: "ಏನು ಹೊಡೀಲಿ ಅಣ್ಣಾ?"

ಗೊಬ್ಬರದ ಅಂಗಡಿಯಲ್ಲಿ ಈ ಪ್ರಶ್ನೆಗೆ ಉತ್ತರ ತಕ್ಷಣ ಸಿಗುತ್ತದೆ, ಬಿಲ್ ಸಮೇತ. ಆದರೆ ಅಷ್ಟೂ ಗಿಡಗಳ ನಡುವೆ ಹುಳ ಹತ್ತಿಪ್ಪತ್ತು ಗಿಡಕ್ಕೇ ಯಾಕೆ ಬಿತ್ತು ಅನ್ನುವುದು ತಿಳಿಯದೆ ಹೊಡೆದರೆ, ಮುಂದಿನ ತಿಂಗಳು ಇನ್ನೊಂದು ಇಪ್ಪತ್ತು ಗಿಡಕ್ಕೆ ಬೀಳುತ್ತದೆ. ಶಾಟ್ ಹೋಲ್ ಬೋರರ್ ಎಂದು ನಾವು ಕರೆಯುವ ಈ ದುಂಬಿ ಕಣ್ಣು ಮುಚ್ಚಿ ಎಲ್ಲೋ ಬಂದು ಕೂರುವ ಜಾತಿಯಲ್ಲ. ಅದಕ್ಕೊಂದು ಆಯ್ಕೆ ಇದೆ, ಆ ಆಯ್ಕೆಗೆ ಕಾರಣ ಹೆಚ್ಚಾಗಿ ನಮ್ಮ ನೀರಿನ ಗೇಟ್‌ವಾಲ್ವಿನಲ್ಲೋ, ಬುಡಕ್ಕೆ ಏರಿಸಿದ ಮಣ್ಣಿನಲ್ಲೋ ಇರುತ್ತದೆ. ಅದನ್ನು ಪತ್ತೆ ಹಚ್ಚುವ ಕ್ರಮ ಇಲ್ಲಿದೆ.

ಇದು ಅದೇ ಹುಳವೇ?

ಒಂದು ಬೆಂಕಿಕಡ್ಡಿ ತಗೊಳ್ಳಿ. ತೂತಿಗೆ ಕಡ್ಡಿ ಸಲೀಸಾಗಿ ತೂರಿದರೆ ನೀವು ಬೇರೆ ಹುಳದ ಬೆನ್ನು ಹತ್ತಬೇಕು. ಶಾಟ್ ಹೋಲ್ ಬೋರರ್ ದುಂಬಿಯ ತೂತು ಒಂದು ಮಿಲಿಮೀಟರಿನ ಆಸುಪಾಸಿನದು, ಅಂಚು ಚೊಕ್ಕ, ಆಕಾರ ದುಂಡು. ಪುಡಿ ನಯವಾಗಿರುತ್ತದೆ. ಕೆಲವು ಜಾತಿಗಳಲ್ಲಿ ಆ ಪುಡಿ ಶಾವಿಗೆ ಎಳೆಯ ಹಾಗೆ ಒತ್ತಿಕೊಂಡು ತೂತಿನಿಂದ ಹೊರಗೆ ಚಾಚಿರುತ್ತದೆ. ಗಾಳಿ ಬೀಸಿದರೆ, ನಾಲ್ಕು ಹನಿ ಮಳೆ ಬಿದ್ದರೆ ಉದುರಿಹೋಗುತ್ತದೆ, ಆದ್ದರಿಂದ ಬೆಳಗ್ಗೆಯೇ ನೋಡುವುದು ಒಳ್ಳೆಯದು.

ಕಿರುಬೆರಳು ಹೋಗುವಷ್ಟು ತೂತು, ಕೆಳಗೆ ಒರಟು ನಾರಿನಂಥ ಹೊಟ್ಟು ಇದ್ದರೆ ಅದು ಉದ್ದ ಮೀಸೆಯ ಕಾಂಡ ಕೊರಕ. ತೊಗಟೆಯ ಮೇಲೆ ನೂಲಿನಲ್ಲಿ ಹಿಕ್ಕೆ, ತೊಗಟೆ ಚೂರು ಅಂಟಿಕೊಂಡ ಪಟ್ಟಿ ಕಂಡರೆ ತೊಗಟೆ ತಿನ್ನುವ ಹುಳು. ಮಣ್ಣಿನ ಹೊದಿಕೆ ಇದ್ದರೆ ಗೆದ್ದಲು, ಅದನ್ನು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಪೂರ್ತಿ ಒಣಗಿದ ಕೊಂಬೆಯಲ್ಲಿ ಮಾತ್ರ ತೂತಿದ್ದು ಹಸಿ ಕಾಂಡ ಶುದ್ಧವಾಗಿದ್ದರೆ ಒಣ ಕಟ್ಟಿಗೆ ಕೊರೆಯುವ ದುಂಬಿಯಿರಬಹುದು. ಆ ಕೊಂಬೆ ಕತ್ತರಿಸಿ ಸುಟ್ಟು ಸುಮ್ಮನಿರಿ.

ಹೊರಗಿನಿಂದ ತೀರ್ಮಾನ ಮಾಡಬೇಡಿ. ಹೇಗೂ ಉಳಿಯದ ಒಂದು ಗಿಡವನ್ನು ಆರಿಸಿ, ತೂತಿರುವ ಜಾಗದ ತೊಗಟೆಯನ್ನು ಹರಿತವಾದ ಚಾಕುವಿನಿಂದ ಪದರ ಪದರವಾಗಿ ಕೆತ್ತುತ್ತ ಹೋಗಿ. ತೂತು ತೊಗಟೆ ದಾಟಿ ನೇರ ಮರದೊಳಕ್ಕೆ ಹೋಗಿ, ಅಲ್ಲಿ ಪಕ್ಕಕ್ಕೆ ಕವಲೊಡೆದಿರುತ್ತದೆ. ಸುರಂಗದ ಗೋಡೆ ಕಂದು ಅಥವಾ ಕಪ್ಪು. ಲೆನ್ಸ್ ಇದ್ದರೆ ಗೋಡೆಗೆ ಅಂಟಿದ ಬಿಳಿ ಬೂಷ್ಟು ಕಾಣುತ್ತದೆ, ಅದರ ಮಧ್ಯೆ ಕಾಲಿಲ್ಲದ, ಬಾಗಿದ ಬಿಳಿ ಮರಿಹುಳಗಳು. ಕಪ್ಪು ಅಥವಾ ಕಡು ಕಂದು ಬಣ್ಣದ, ಎರಡು ಎರಡೂವರೆ ಮಿಲಿಮೀಟರ್ ಉದ್ದದ ದುಂಬಿ ಹೆಣ್ಣು. ಅದಕ್ಕಿಂತ ಚಿಕ್ಕದಾದ, ಸಪ್ಪೆ ಬಣ್ಣದ ಒಂದೋ ಎರಡೋ ಕಂಡರೆ ಅವು ಗಂಡು. ಗಂಡು ಹಾರುವುದಿಲ್ಲ, ಹುಟ್ಟಿದ ಸುರಂಗ ಬಿಟ್ಟು ದೂರ ಹೋಗುವುದೂ ಇಲ್ಲ.

ಇಲ್ಲೊಂದು ಮುಖ್ಯ ಗುರುತು. ಕೆಲವು ತೂತು ನಾಲ್ಕೈದು ಮಿಲಿಮೀಟರ್ ಆಳಕ್ಕೆ ನಿಂತುಹೋಗಿರುತ್ತವೆ. ಒಳಗೆ ಮೊಟ್ಟೆಯಿಲ್ಲ, ಮರಿಯಿಲ್ಲ, ಬೂಷ್ಟಿಲ್ಲ. ದುಂಬಿ ಬಂದು, ಕೊರೆದು, ಸರಿಬರದೆ ಬಿಟ್ಟು ಹೋಗಿದೆ ಎಂದರ್ಥ. ಇಂಥ ತೂತೇ ಜಾಸ್ತಿ ಇರುವ ಗಿಡಕ್ಕೆ ಇನ್ನೂ ತಾಕತ್ತಿದೆ. ಮರಿ ತುಂಬಿದ ಸುರಂಗ ಇರುವ ಗಿಡದ ಲೆಕ್ಕ ಬೇರೆ. ತೋಟದಲ್ಲಿ ಎರಡೂ ಬಗೆಯವು ಎಷ್ಟೆಷ್ಟಿವೆ ಎಂದು ಬರೆದಿಟ್ಟುಕೊಳ್ಳಿ.

ದುಂಬಿ ಗಿಡ ಹುಡುಕುವ ಬಗೆ

ತೊಗಟೆ ದುಂಬಿಗಳು ಮೂತಿಹುಳುಗಳ ಕುಟುಂಬಕ್ಕೆ ಸೇರಿದ ದೊಡ್ಡ ಗುಂಪು, ಜಗತ್ತಿನಲ್ಲಿ ಸುಮಾರು 6,000 ಜಾತಿಗಳಿವೆ. ಕಸುಬಿನ ಲೆಕ್ಕದಲ್ಲಿ ಎರಡು ಪಂಗಡ. ಒಂದು ಪಂಗಡ ತೊಗಟೆಯ ಒಳಪದರದಲ್ಲೇ ವಾಸಿಸಿ ಅದನ್ನೇ ತಿನ್ನುತ್ತದೆ. ಇನ್ನೊಂದು ಮರದೊಳಕ್ಕೆ ಸುರಂಗ ಕೊರೆದು ಅಲ್ಲಿ ಶಿಲೀಂಧ್ರ ಬೆಳೆಸುತ್ತದೆ. ತಾಯಿ, ಮರಿ ಎಲ್ಲರೂ ತಿನ್ನುವುದು ಆ ಶಿಲೀಂಧ್ರವನ್ನು, ಮರವನ್ನಲ್ಲ. ನಮ್ಮ ದಾಳಿಂಬೆಗೆ ಬರುವುದು ಈ ಎರಡನೆಯ ಪಂಗಡ. ಇದರಲ್ಲಿ ಪ್ರಮುಖವಾದದ್ದು ಯೂವಾಲೇಸಿಯಾ ಫಾರ್ನಿಕೇಟಸ್. ಹಳೆಯ ಪುಸ್ತಕಗಳಲ್ಲಿ ಕ್ಸೈಲೆಬೋರಸ್ ಫಾರ್ನಿಕೇಟಸ್ ಎಂದಿರುತ್ತದೆ. ಶ್ರೀಲಂಕಾದ ಚಹಾ ತೋಟಗಳಿಗೆ ಇದು ಬಹಳ ಹಳೆಯ ಪೀಡೆ. ವಿಜ್ಞಾನಿಗಳು ಇದನ್ನು ವಿವರಿಸಿ ಹೆಸರಿಟ್ಟದ್ದೂ ಅಲ್ಲಿನ ಮಾದರಿಯಿಂದಲೇ, 1868ರಲ್ಲಿ.

ಯುರೋಪಿನ ಸ್ಪ್ರೂಸ್ ಕಾಡು, ಅಮೆರಿಕದ ಪೈನ್ ಕಾಡುಗಳನ್ನು ಒಣಗಿಸುವ ತೊಗಟೆ ದುಂಬಿಗಳ ಸುದ್ದಿ ಓದಿದವರು ಅದೇ ಚಿತ್ರವನ್ನು ಇಲ್ಲಿಗೂ ಹಚ್ಚುತ್ತಾರೆ. ಅಲ್ಲಿನ ಕಥೆ ಬೇರೆ. ಸ್ಪ್ರೂಸ್ ದುಂಬಿಯಲ್ಲಿ ಮೊದಲು ಗಂಡು ಬಂದಿಳಿಯುತ್ತದೆ. ಮರ ಅಂಟುರಾಳ ಸುರಿಸಿ ಅದನ್ನು ಮುಳುಗಿಸಲು ನೋಡುತ್ತದೆ. ಗಂಡು ಫೆರೊಮೋನ್ ಬಿಟ್ಟು ಬಳಗವನ್ನೆಲ್ಲ ಕರೆಯುತ್ತದೆ, ಸಾವಿರಗಟ್ಟಲೆ ಬಂದು ಒಮ್ಮೆಲೇ ಕೊರೆದಾಗ ಮರದ ರಾಳವೇ ಬತ್ತಿಹೋಗುತ್ತದೆ. ಜಾಗ ತುಂಬಿದ ಮೇಲೆ, ಇನ್ನು ಬರಬೇಡಿ ಅನ್ನುವ ವಾಸನೆಯೂ ಇದೆ. ತೊಗಟೆ ದುಂಬಿಯ ಇಂಥ ಕರೆಯ ರಾಸಾಯನಿಕವನ್ನು ಮೊದಲ ಬಾರಿಗೆ ಗುರುತಿಸಿದ್ದು 1966ರಲ್ಲಿ, ಅಮೆರಿಕದ ಪೈನ್ ಮರ ಕೊರೆಯುವ ಇಪ್ಸ್ ದುಂಬಿಯ ಹಿಕ್ಕೆಯಿಂದ.

ನಮ್ಮ ದುಂಬಿಗೆ ಇಷ್ಟೆಲ್ಲ ಡಂಗುರ ಬೇಕಿಲ್ಲ. ಹೆಣ್ಣು ಹುಟ್ಟಿದ ಸುರಂಗದೊಳಗೇ ತನ್ನ ಅಣ್ಣತಮ್ಮಂದಿರ ಜೊತೆ ಕೂಡಿ, ಬಸಿರಾಗಿಯೇ ಹೊರಬರುತ್ತದೆ. ಬಾಯಿಯ ಬಳಿಯ ಪುಟ್ಟ ಚೀಲದಲ್ಲಿ ಶಿಲೀಂಧ್ರದ ಬೀಜವೂ ಇರುತ್ತದೆ. ಕೂಡದೇ ಬಂದರೂ ನಷ್ಟವಿಲ್ಲ: ಫಲಿತವಾಗದ ಮೊಟ್ಟೆಯಿಂದ ಗಂಡು ಹುಟ್ಟುತ್ತದೆ. ಅಂದರೆ ಒಂದೇ ಒಂದು ಹೆಣ್ಣು ಒಂದು ಸಂಸಾರ ಹೂಡಬಲ್ಲದು. ಮಾವಿನ ಹಣ್ಣುನೊಣಕ್ಕೆ ಶ್ರೀನಿವಾಸಪುರದವರು ಕಟ್ಟುವ ಮೋಹಕ ಬಲೆ, ತೆಂಗಿನ ರೈನೋ ದುಂಬಿಗೆ ತಿಪಟೂರಿನವರು ತೂಗುಹಾಕುವ ಲೂರ್ (ವಾಸನೆಯ ಆಮಿಷ) ಇದಕ್ಕೆ ಕೆಲಸ ಮಾಡದಿರುವುದು ಇದರಿಂದಲೇ. ಇದಕ್ಕೆ ಬೇಕಾದದ್ದು ಜೊತೆಗಾರರ ವಾಸನೆಯಲ್ಲ, ಗಿಡದ ವಾಸನೆ.

ಯಾವ ವಾಸನೆ? ಈ ಪಂಗಡದ ಬಹಳಷ್ಟು ದುಂಬಿಗಳಿಗೆ ಎಥನಾಲ್, ಸಾದಾ ಮಾತಿನಲ್ಲಿ ಸಾರಾಯಿಯ ಅಂಶ. ಬೇರು ಉಸಿರಾಡಲು ಮಣ್ಣಿನಲ್ಲಿ ಗಾಳಿ ಬೇಕು. ನೀರು ನಿಂತು ಗಾಳಿ ಕಡಿಮೆಯಾದಾಗ ಬೇರಿನ ಜೀವಕೋಶಗಳು ಹುದುಗುವಿಕೆಗೆ ಇಳಿಯುತ್ತವೆ, ಎಥನಾಲ್ ಹುಟ್ಟುತ್ತದೆ. ಅದು ನೀರಿನ ಜೊತೆ ಕಾಂಡಕ್ಕೇರಿ ತೊಗಟೆಯಿಂದ ಹೊರಗೆ ಸೂಸುತ್ತದೆ. ಗಾಯ, ಬಿಸಿಲಿನ ಸುಡುವಿಕೆ, ರೋಗ ಬಡಿದ ಕಾಂಡದಲ್ಲೂ ಇದೇ ಆಗಬಹುದು. ನಮ್ಮ ಮೂಗಿಗೆ ಗೊತ್ತಾಗದಷ್ಟು ಕಡಿಮೆ ಪ್ರಮಾಣ, ದುಂಬಿಯ ಮೀಸೆಗೆ ಸಾಕಷ್ಟು. ಎಲೆ ಇನ್ನೂ ಹಸಿರಾಗಿರುತ್ತದೆ. "ಚೆನ್ನಾಗಿದ್ದ ಗಿಡಕ್ಕೇ ಹುಳ ಬಿತ್ತು" ಎಂದು ರೈತರು ಹೇಳುವುದು ಸುಳ್ಳಲ್ಲ. ಕಣ್ಣಿಗೆ ಅದು ಚೆನ್ನಾಗಿಯೇ ಇತ್ತು.

ಎಥನಾಲ್ ಇರುವ ಗಿಡವೇ ಯಾಕೆ ಬೇಕು ಅನ್ನುವುದಕ್ಕೆ 2018ರಲ್ಲಿ ಪ್ರಕಟವಾದ ಒಂದು ಅಧ್ಯಯನ ಒಳ್ಳೆಯ ಉತ್ತರ ಕೊಟ್ಟಿತು. ದುಂಬಿಗಳು ಸಾಕುವ ಶಿಲೀಂಧ್ರಕ್ಕೆ ಎಥನಾಲ್ ಇದ್ದರೆ ಚೆನ್ನಾಗಿ ಬೆಳವಣಿಗೆ, ಅದೇ ಎಥನಾಲ್ ಆಸ್ಪರ್ಜಿಲಸ್, ಪೆನಿಸಿಲಿಯಂನಂಥ ಕಳೆ ಬೂಷ್ಟುಗಳನ್ನು ಅದುಮಿಡುತ್ತದೆ. ಹದ ಸಿಕ್ಕಿ ಶಿಲೀಂಧ್ರ ನೆಲೆಯಾದ ಮೇಲೆಯೇ ಹೆಣ್ಣು ಮೊಟ್ಟೆಗೆ ತೊಡಗುವುದು. ಬರಿದಾದ ಕಿರುಸುರಂಗಗಳ ಗುಟ್ಟೂ ಇದೇ.

ದೂರದಿಂದ ವಾಸನೆ ಹಿಡಿದು ಬಂದರೂ, ಹತ್ತಿರಕ್ಕೆ ಬಂದ ಮೇಲೆ ಕಣ್ಣೂ ಕೆಲಸ ಮಾಡುತ್ತದೆ. ನೇರವಾಗಿ ನಿಂತ ಕಪ್ಪು ಕಾಂಡ ತೊಗಟೆ ದುಂಬಿಗಳನ್ನು ಸೆಳೆಯುತ್ತದೆ. ಇಳಿದ ಮೇಲೆ ತೊಗಟೆಯನ್ನು ಕಡಿದು ನೋಡಿ ಪರೀಕ್ಷೆ. ಅಲ್ಲಿ ಸರಿಬರದಿದ್ದರೆ ಮುಂದಿನ ಗಿಡ.

ಗಿಡ ಕರೆದದ್ದು ಯಾಕೆ?

ಈಗ ತೋಟ ಸುತ್ತಿ. ತೂತಿರುವ ಪ್ರತಿ ಗಿಡದ ಮೇಲೂ ಸುಣ್ಣದ ಗೆರೆ ಎಳೆಯಿರಿ, ಮುಗಿದ ಮೇಲೆ ಬದುವಿನ ಮೇಲೆ ನಿಂತು ಇಡೀ ತೋಟವನ್ನು ನೋಡಿ. ಬಿಳಿ ಗೆರೆಗಳು ಎಲ್ಲಿ ಸೇರಿಕೊಂಡಿವೆ ಅನ್ನುವುದೇ ಅರ್ಧ ಉತ್ತರ.

ಇಳಿಜಾರಿನ ಕೊನೆಗೆ, ಬದುವಿಗೆ ತಾಗಿದ ಸಾಲಿನಲ್ಲಿ ಇದ್ದರೆ ನೀರು ನಿಲ್ಲುವುದೇ ಕಾರಣ. ಬರದ ಸೀಮೆಯಲ್ಲಿ ನೀರು ಹೆಚ್ಚಾಗಿ ಗಿಡ ಸಾಯುತ್ತದೆ ಎಂದರೆ ನಂಬುವವರು ಕಡಿಮೆ. ಆದರೆ 2021ರ ನವೆಂಬರಿನಲ್ಲಿ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಎಷ್ಟೋ ಕೆರೆ ಕೋಡಿ ಹರಿದದ್ದನ್ನು ನೋಡಿದವರು ನಾವೇ. ಮೇಲೆ ಕೆಂಪು ಮಣ್ಣು, ಕೆಳಗೆ ಗಟ್ಟಿ ಜೇಡಿ ಪದರ ಇರುವ ಹೊಲದಲ್ಲಿ ಮೇಲ್ಮೈ ಒಣಗಿದ್ದರೂ ಒಂದೂವರೆ ಅಡಿ ಕೆಳಗೆ ನೀರು ಕೂತಿರುತ್ತದೆ. ಹಾರೆ ಹಿಡಿದು ಅಷ್ಟು ಆಳ ತೆಗೆದು ನೋಡಿ. ಮಣ್ಣು ಬೂದು ಬಣ್ಣಕ್ಕೆ ತಿರುಗಿ ಹುಳಿ ಅಥವಾ ಕೊಳೆತ ವಾಸನೆ ಬಂದರೆ, ಸಣ್ಣ ಬೇರನ್ನು ಬೆರಳಲ್ಲಿ ಎಳೆದಾಗ ಮೇಲಿನ ಸಿಪ್ಪೆ ಕಳಚಿ ಒಳಗಿನ ದಾರ ಮಾತ್ರ ಕೈಲಿ ಉಳಿದರೆ, ಬೇರೆ ಪುರಾವೆ ಬೇಡ.

ಗೆರೆ ಬಿದ್ದ ಗಿಡಗಳು ಗೇಟ್‌ವಾಲ್ವಿನ ಹತ್ತಿರವೇ ಇದ್ದರೆ ಡ್ರಿಪ್ ನೋಡಿ. ಡ್ರಿಪ್ಪರ್ ಬುಡಕ್ಕೇ ತಾಗಿ ಹನಿಕ್ಕುತ್ತಿದೆಯೇ? ಗಿಡ ಚಿಕ್ಕದಿದ್ದಾಗ ಇಟ್ಟ ಜಾಗದಿಂದ ಲ್ಯಾಟರಲ್ ಪೈಪ್ ಸರಿಸದೇ ಬಿಟ್ಟ ತೋಟಗಳು ಬೇಕಾದಷ್ಟಿವೆ. ಕರೆಂಟು ರಾತ್ರಿ ಬರುತ್ತದೆ, ಮೋಟಾರು ಆಟೋದಲ್ಲಿರುತ್ತದೆ, ಎಷ್ಟು ಹೊತ್ತು ಹರಿಯಿತು ಅನ್ನುವುದು ಬೋರ್‌ವೆಲ್ಲಿಗೇ ಗೊತ್ತು.

ಬುಡಕ್ಕೆ ಏರಿಸಿದ ಮಣ್ಣು ಇನ್ನೊಂದು ಅಡಗಿದ ಕಾರಣ. ಕಾಂಡದ ಸುತ್ತ ಒಂದು ಗೇಣು ಮಣ್ಣು, ಸಗಣಿ ಗೊಬ್ಬರ ಮುಚ್ಚಿದ್ದರೆ ಕೈಯಲ್ಲಿ ಸರಿಸಿ ಆ ತೊಗಟೆ ನೋಡಿ. ಕಂದಾಗಿ, ಮೆತ್ತಗಾಗಿ, ಉಗುರಿಗೆ ಬಿಚ್ಚಿಕೊಳ್ಳುತ್ತಿದ್ದರೆ ವಾಸನೆ ಹೊರಟದ್ದು ಅಲ್ಲಿಂದ.

ಬಹಾರಿಗೆ, ಅಂದರೆ ಒಂದೇ ಸಲ ಹೂ ತರಿಸುವ ಹಂಗಾಮಿಗೆ, ನೀರು ಬಿಡುವುದನ್ನು ನಿಲ್ಲಿಸಿ ವಿಶ್ರಾಂತಿ ಕೊಡುವುದು, ಎಥ್ರೆಲ್ ಹೊಡೆದು ಎಲೆ ಉದುರಿಸುವುದು, ಆಮೇಲೆ ನೀರು ಬಿಡುವುದು ದಾಳಿಂಬೆಯಲ್ಲಿ ಮಾಮೂಲು. ತೊಂದರೆ ಬರುವುದು ಎರಡು ತುದಿಯಲ್ಲಿ: ವಿಶ್ರಾಂತಿ ವಿಪರೀತ ಉದ್ದವಾದಾಗ, ಮತ್ತು ಬತ್ತಿದ ಗಿಡಕ್ಕೆ ಮೊದಲ ನೀರನ್ನೇ ಕೆರೆಯಂತೆ ಕಟ್ಟಿದಾಗ. ಸಣ್ಣ ಸಣ್ಣ ಕಂತಿನಲ್ಲಿ ನೀರು ಏರಿಸಿದ ತೋಟಕ್ಕೆ ಈ ಪೆಟ್ಟು ಬೀಳುವುದಿಲ್ಲ.

ತೂತು ಕಾಂಡದ ಒಂದೇ ಪಕ್ಕ, ಅದೂ ಪಡುವಣ ಅಥವಾ ನೈಋತ್ಯದ ಕಡೆಗಿದ್ದರೆ ಬಿಸಿಲನ್ನು ಶಂಕಿಸಿ. ಜಾಸ್ತಿ ಸವರಿದ ಗಿಡದ ಕಾಂಡಕ್ಕೆ ನೆರಳು ತಪ್ಪಿ ಮಧ್ಯಾಹ್ನದ ಬಿಸಿಲು ನೇರ ಬಡಿಯುತ್ತದೆ, ತೊಗಟೆ ಸುಟ್ಟು ಸೀಳುತ್ತದೆ. ಬುಡದ ಚಿಗುರನ್ನು ಕಿತ್ತುಹಾಕುವ ಬದಲು ಕಳೆನಾಶಕ ಹೊಡೆಯುವವರೂ ಇದ್ದಾರೆ. ಆ ಚಿಗುರು ಅದೇ ಗಿಡದ್ದು, ಹೊಡೆದ ವಿಷ ಗಿಡದೊಳಕ್ಕೇ ಇಳಿಯುತ್ತದೆ. ಇದಕ್ಕಿಂತ ಹೆಚ್ಚು ಹೇಳುವ ತಾಳ್ಮೆ ನನಗಿಲ್ಲ.

ಇನ್ನು ಗೆರೆಗಳೆಲ್ಲ ಸವರಿದ ಕಡ್ಡಿಯ ರಾಶಿಯ ಸುತ್ತಲೇ ಇದ್ದರೆ ಉತ್ತರ ಕಣ್ಣೆದುರಿಗೇ ಇದೆ. ಕತ್ತರಿಸಿದ ಕೊಂಬೆ ಹಸಿಯಾಗಿರುವಷ್ಟು ಕಾಲ ಒಳಗಿನ ಸಂಸಾರ ನಡೆಯುತ್ತಲೇ ಇರುತ್ತದೆ.

ಬಾಟಲಿ ಬಲೆ

ಕೊರೋನಾ ಕಾಲದ ಸ್ಯಾನಿಟೈಸರ್ ಇನ್ನೂ ಮನೆಯಲ್ಲಿದ್ದರೆ ಅದಕ್ಕೊಂದು ಕೆಲಸ ಸಿಕ್ಕಿತು. ಲೇಬಲ್ ಓದಿ: ಈಥೈಲ್ ಆಲ್ಕೋಹಾಲ್ ಅಥವಾ ಎಥನಾಲ್ ಎಂದು ಬರೆದಿರಬೇಕು. ಐಸೋಪ್ರೊಪೈಲ್ ಇದ್ದರೆ ಇಲ್ಲಿಗೆ ಬೇಡ. ನೀರಿನ ಬಾಟಲಿಯ ಮಗ್ಗುಲಲ್ಲಿ ಎರಡು ಮೂರು ಅಗಲ ಕಿಟಕಿ ಕೊಯ್ದು, ಮುಚ್ಚಳ ಕೆಳಗಾಗುವಂತೆ ತಲೆಕೆಳಗಾಗಿ ತೂಗುಹಾಕಿ. ಕುತ್ತಿಗೆಯ ಭಾಗದಲ್ಲಿ ಸ್ವಲ್ಪ ಸೋಪಿನ ನೀರು, ಮೇಲ್ಭಾಗದಲ್ಲಿ ಸ್ಯಾನಿಟೈಸರ್ ತುಂಬಿದ ಚಿಕ್ಕ ಡಬ್ಬಿ, ಅದರ ಮುಚ್ಚಳದಲ್ಲಿ ಸೂಜಿಯ ತೂತು. ನೆಲದಿಂದ ಎರಡು ಅಡಿ ಎತ್ತರ ಸಾಕು, ಈ ದುಂಬಿಗಳಲ್ಲಿ ಬಹಳಷ್ಟು ತಗ್ಗಿನಲ್ಲೇ ಹಾರುತ್ತವೆ. ಬಲೆಯನ್ನು ತೋಟದ ಒಳಗೆ ಕಟ್ಟಬೇಡಿ, ಬಂದ ದುಂಬಿಗಳೆಲ್ಲ ಬಾಟಲಿಗೇ ಬೀಳುವುದಿಲ್ಲ, ಪಕ್ಕದ ಗಿಡಕ್ಕೂ ಇಳಿಯುತ್ತವೆ. ಹೊರ ಅಂಚಿನಲ್ಲಿ, ಗಿಡದಿಂದ ದೂರ ಒಂದು ಗೂಟಕ್ಕೆ ಕಟ್ಟಿ.

ವಾರಕ್ಕೊಮ್ಮೆ ನೀರನ್ನು ಬಿಳಿ ಬಟ್ಟೆಗೆ ಸೋಸಿ. ಎರಡು ಮಿಲಿಮೀಟರಿನ ಕಪ್ಪು, ಕಂದು ದುಂಬಿಗಳ ಎಣಿಕೆ ಏರುತ್ತಿದ್ದರೆ ಹಾರಾಟ ಶುರುವಾಗಿದೆ. ಇದರಿಂದ ಹುಳ ಮುಗಿಯುವುದಿಲ್ಲ, ಆ ಆಸೆ ಇಟ್ಟುಕೊಳ್ಳಬೇಡಿ. ಕಾಂಡಕ್ಕೆ ಔಷಧಿ ಹಚ್ಚುವುದಾದರೆ ಯಾವ ವಾರ ಅನ್ನುವುದು ಮಾತ್ರ ತಿಳಿಯುತ್ತದೆ, ಅದೇ ದೊಡ್ಡ ಲಾಭ.

ಸೊರಗು ರೋಗವೂ ಸೇರಿದೆಯೇ?

ಇದನ್ನು ಬಿಟ್ಟರೆ ರೋಗನಿದಾನ ಅರ್ಧಂಬರ್ಧ. ದಾಳಿಂಬೆಯ ಸೊರಗು ರೋಗಕ್ಕೆ ಮುಖ್ಯ ಕಾರಣ ಸೆರಟೊಸಿಸ್ಟಿಸ್ ಫಿಂಬ್ರಿಯಾಟಾ ಎಂಬ ಶಿಲೀಂಧ್ರ. 1990ರ ದಶಕದಲ್ಲಿ ವಿಜಯಪುರ ಭಾಗದ ತೋಟಗಳನ್ನು ಇದು ಬಡಿದಿತ್ತು. ಕಾಂಡವನ್ನು ಬುಡದ ಹತ್ತಿರ ಅಡ್ಡಡ್ಡ ಕೊಯ್ದು ನೋಡಿ. ಮಧ್ಯದಿಂದ ಅಂಚಿನ ಕಡೆಗೆ ಕಿರಣಗಳಂತೆ ಚಾಚಿದ ಕಂದು ಅಥವಾ ಬೂದುಗಪ್ಪು ಕಲೆ ಇದ್ದರೆ ರೋಗ ಒಳಹೊಕ್ಕಿದೆ. ತೂತಿದ್ದೂ ಮರ ಬಿಳಿಯಾಗಿದ್ದರೆ, ಕಲೆ ಸುರಂಗದ ಗೋಡೆಗಷ್ಟೇ ಸೀಮಿತವಾಗಿದ್ದರೆ, ದುಂಬಿ ಮಾತ್ರ.

ಸಂಶಯವಿದ್ದರೆ ಅಡುಗೆಮನೆಯಿಂದ ಒಂದು ಕ್ಯಾರೆಟ್ ತನ್ನಿ. ಚೆನ್ನಾಗಿ ತೊಳೆದು ಎರಡು ದಪ್ಪ ಬಿಲ್ಲೆ ಮಾಡಿ, ನಡುವೆ ಕಲೆಯಿರುವ ಮರದ ತೆಳು ಚಕ್ಕೆ ಇಟ್ಟು, ಒದ್ದೆ ಹತ್ತಿಯ ಜೊತೆ ಮುಚ್ಚಿದ ಡಬ್ಬಿಯಲ್ಲಿಡಿ. ಒಂದು ವಾರ, ಹತ್ತು ದಿನದಲ್ಲಿ ಬಿಲ್ಲೆಯ ಮೇಲೆ ಕಪ್ಪು ಚುಕ್ಕೆಗಳೆದ್ದು, ಪ್ರತಿ ಚುಕ್ಕೆಯಿಂದ ಕೂದಲಿಗಿಂತ ತೆಳ್ಳಗಿನ ಉದ್ದ ಕತ್ತು, ಅದರ ತುದಿಯಲ್ಲಿ ಕೆನೆ ಬಣ್ಣದ ಅಂಟು ಹನಿ ಲೆನ್ಸಿನಲ್ಲಿ ಕಂಡರೆ ಸೆರಟೊಸಿಸ್ಟಿಸ್. ಪ್ರಯೋಗಶಾಲೆಯವರೂ ಬಳಸುವ ಉಪಾಯ ಇದು.

ಇವೆರಡೂ ಒಂದಕ್ಕೊಂದು ದಾರಿ ಮಾಡಿಕೊಡುತ್ತವೆ. ಈ ಶಿಲೀಂಧ್ರಕ್ಕೆ ಹಣ್ಣಿನಂಥ ವಾಸನೆ ಇದೆ, ಅದು ಕೀಟಗಳನ್ನು ಸೆಳೆಯುತ್ತದೆ. ರೋಗ ಬಿದ್ದ ಗಿಡದಿಂದ ದುಂಬಿ ಕೊರೆದು ತಳ್ಳಿದ ಪುಡಿಯಲ್ಲಿ ರೋಗದ ಬೀಜಾಣು ಇರುತ್ತದೆ, ಗಾಳಿಗೂ ನೀರಿಗೂ ಸಿಕ್ಕು ಹರಡುತ್ತದೆ. ಬೇರುಗಂಟು ಜಂತುಹುಳು ಮಾಡಿದ ಗಾಯವೂ ರೋಗಕ್ಕೆ ಬಾಗಿಲು, ಹಾಗಾಗಿ ಬೇರು ಅಗೆದಾಗ ಗಂಟು ಇದೆಯೇ ಎಂದೂ ನೋಡಿ.

ಮಾಡಬೇಕಾದ್ದು

ಕಲೆ ಹರಡಿದ, ಮರಿ ತುಂಬಿದ ಗಿಡವನ್ನು ಉಳಿಸುವ ಪ್ರಯತ್ನ ದುಡ್ಡು ದಂಡ. ಬೇರು ಸಮೇತ ಕಿತ್ತು, ತೋಟದುದ್ದಕ್ಕೂ ಎಳೆದೊಯ್ಯದೆ, ಹತ್ತಿರದಲ್ಲೇ ಸುಡಿ. ಬೇಲಿಗೆ ಚುಚ್ಚಬೇಡಿ, ಒಲೆಗೆಂದು ಕೊಟ್ಟಿಗೆ ಹಿಂದೆ ಪೇರಿಸಬೇಡಿ. ಗಿಡದಿಂದ ಗಿಡಕ್ಕೆ ಹೋಗುವಾಗ ಕಟ್ಟರ್, ಗರಗಸ ಶುದ್ಧ ಮಾಡಿಕೊಳ್ಳಿ.

ಉಳಿದ ಗಿಡಗಳಿಗೆ ಮೊದಲ ಚಿಕಿತ್ಸೆ ಗುದ್ದಲಿಯಿಂದ. ಬಸಿಗಾಲುವೆ ತೆಗೆಯಿರಿ, ಬುಡದ ಮಣ್ಣು ಸರಿಸಿ, ಡ್ರಿಪ್ಪರನ್ನು ಕಾಂಡದಿಂದ ಆಚೆ ಒಯ್ಯಿರಿ. ಔಷಧಿ ಅದಾದ ಮೇಲೆ. ಎಲೆಗೆ ಹೊಡೆದದ್ದು ಈ ದುಂಬಿಗೆ ತಾಕುವುದೇ ಇಲ್ಲ. ಗಿಡದೊಳಗೆ ಹರಿಯುವ ಅಂತರ್ವ್ಯಾಪಿ ಕೀಟನಾಶಕವೂ ಹೆಚ್ಚು ಪ್ರಯೋಜನಕ್ಕೆ ಬಾರದು, ಯಾಕೆಂದರೆ ದುಂಬಿ ಮರವನ್ನು ತಿನ್ನುವುದಿಲ್ಲ, ಕೊರೆದು ಹೊರಗೆ ಹಾಕುತ್ತದೆ. ಸ್ಪರ್ಶ ಕೀಟನಾಶಕ ತೊಗಟೆಯ ಮೇಲೆ, ದುಂಬಿ ಇಳಿಯುವ ಮೊದಲೇ ಇರಬೇಕು. ಬಾಟಲಿಯ ಎಣಿಕೆ ಉಪಯೋಗಕ್ಕೆ ಬರುವುದು ಇಲ್ಲಿ. ಯಾವುದು, ಎಷ್ಟು ಎನ್ನುವುದನ್ನು ದಾಳಿಂಬೆಗೆ ಸದ್ಯ ಇರುವ ಶಿಫಾರಸು ಕೇಳಿಯೇ ನಿರ್ಧರಿಸಿ. ದೊಡ್ಡ ಕಾಂಡ ಕೊರಕಕ್ಕೆ ಮಾಡುವ ಹಾಗೆ ಸಿರಿಂಜಿನಲ್ಲಿ ಪೆಟ್ರೋಲು ಬಿಡುವುದು ನೂರಾರು ಕಿರುತೂತಿನ ಗಿಡದಲ್ಲಿ ಆಗುಹೋಗುವ ಕೆಲಸವಲ್ಲ.

ಸವರಿದ ಗಾಯಕ್ಕೆ, ಬಿಸಿಲಿಗೆ ಸೀಳಿದ ತೊಗಟೆಗೆ ಬೋರ್ಡೋ ಪೇಸ್ಟ್ ಹಚ್ಚಿ: ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ಹತ್ತು ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಕರಗಿಸಿ, ಪ್ಲಾಸ್ಟಿಕ್ ಅಥವಾ ಮಣ್ಣಿನ ಪಾತ್ರೆಯಲ್ಲಿ ಬೆರೆಸಿ. ಹೊಳೆಯುವ ಕಬ್ಬಿಣದ ಚಾಕು ಅದ್ದಿ ತೆಗೆದಾಗ ಕೆಂಪಗೆ ತಾಮ್ರ ಹಿಡಿದರೆ ಇನ್ನಷ್ಟು ಸುಣ್ಣ ಬೇಕು. ಇದು ಗಾಯಕ್ಕೆ ಕಾವಲು, ಒಳಗಿರುವ ದುಂಬಿಯನ್ನು ಕೊಲ್ಲುವುದಿಲ್ಲ.

ಮಾವು, ತೆಂಗಿನವರಿಗೆ ಒಂದು ಮಾತು. ಶ್ರೀನಿವಾಸಪುರ, ಚಿಂತಾಮಣಿ ಕಡೆಯ ಮಾವಿನಲ್ಲಿ ಕೊಂಬೆ ಒಣಗಿ, ತೊಗಟೆ ತುಂಬ ಕಿರುತೂತು, ಅಂಟು ಸೋರಿಕೆ ಕಂಡರೆ ಹೀಗೆಯೇ ಕೊಯ್ದು ನೋಡಿ. ಮಾವಿನ ತೊಗಟೆ ದುಂಬಿ ಮತ್ತು ಸೆರಟೊಸಿಸ್ಟಿಸ್ ಜೋಡಿ ಒಮಾನ್, ಪಾಕಿಸ್ತಾನ, ಬ್ರೆಜಿಲ್‌ನಲ್ಲಿ ಮಾವಿನ ಮರಗಳನ್ನು ಒಣಗಿಸಿದೆ. ತೆಂಗಿನಲ್ಲಿ ಕಾಂಡದಿಂದ ಕಂದು ರಸ ಸೋರುವ ಮರಕ್ಕೆ ಕ್ಸೈಲೆಬೋರಸ್ ದುಂಬಿ ಬರುವುದೂ ರೋಗದ ಬೆನ್ನಿಗೇ, ಮೊದಲು ರೋಗ ನೋಡಿಕೊಳ್ಳಿ.

ಖಚಿತವಾಗದಿದ್ದರೆ ಮಾದರಿ ಕಳಿಸಿ. ತುಮಕೂರಿನವರಿಗೆ ಹಿರೇಹಳ್ಳಿ, ತಿಪಟೂರು ಕಡೆಗೆ ಕೊನೇಹಳ್ಳಿ, ಕೋಲಾರಕ್ಕೆ ಟಮಕ, ಚಿಕ್ಕಬಳ್ಳಾಪುರಕ್ಕೆ ಚಿಂತಾಮಣಿಯ ಕುರುಬೂರಿನ ಕೃಷಿ ವಿಜ್ಞಾನ ಕೇಂದ್ರ ಹತ್ತಿರ. ತೂತಿರುವ ಒಂದು ಅಡಿ ಕಾಂಡ, ಒಂದು ಹಿಡಿ ಬೇರು, ಬೇರಿನ ಸುತ್ತಲಿನ ಮಣ್ಣು. ಕಾಂಡವನ್ನು ಪೇಪರಿನಲ್ಲಿ ಸುತ್ತಿರಿ. ಪ್ಲಾಸ್ಟಿಕ್‌ನಲ್ಲಿ ಬಿಗಿದರೆ ಬೆವರಿ ಬೇರೆ ಬೂಷ್ಟು ಹಿಡಿಯುತ್ತದೆ. ದುಂಬಿ ಸಿಕ್ಕಿದ್ದರೆ ಚಿಕ್ಕ ಶೀಶೆಯಲ್ಲಿ ಸ್ಯಾನಿಟೈಸರ್ ಹಾಕಿ ಅದರಲ್ಲೇ ಬಿಡಿ. ಜೊತೆಗೊಂದು ಚೀಟಿಯಲ್ಲಿ ಗಿಡದ ವಯಸ್ಸು, ಯಾವ ಬಹಾರ್, ಕೊನೆಯ ಸಲ ಸವರಿದ್ದು ಯಾವಾಗ, ದಿನಕ್ಕೆ ಎಷ್ಟು ಗಂಟೆ ನೀರು, ಕೊನೆಯ ದೊಡ್ಡ ಮಳೆ ಯಾವತ್ತು ಎಂದು ಬರೆಯಿರಿ. ಸುಣ್ಣದ ಗೆರೆಗಳ ಫೋಟೋ ಬದುವಿನ ಮೇಲಿಂದ ತೆಗೆದದ್ದಿದ್ದರೆ ಮೊಬೈಲಿನಲ್ಲಿ ಅದನ್ನೂ ತೋರಿಸಿ.